ಸೂಜಿಯೋ, ಬಲೂನೋ? ಎದೆನೋವಿನ ಗಳಿಗೆಯ ಲೆಕ್ಕ

ಕುಷ್ಟಗಿ ತಾಲ್ಲೂಕಿನ ಒಳಭಾಗದ ಒಂದು ಹಳ್ಳಿ ಎಂದಿಟ್ಟುಕೊಳ್ಳೋಣ. ನಸುಕಿನ ಮೂರು ಗಂಟೆ. ಐವತ್ತೈದರ ಆಸುಪಾಸಿನ ರೈತನೊಬ್ಬ ಎದೆಯ ಮೇಲೆ ಕಲ್ಲು ಹೇರಿದಂತಾಗಿ ಎದ್ದು ಕೂಡುತ್ತಾನೆ. ಮೈಯೆಲ್ಲ ಬೆವರು, ಎಡಗೈಗೆ ಸೆಳೆತ. ‘ರಾತ್ರಿ ಮಿರ್ಚಿ ತಿಂದಿದ್ದಿ, ಗ್ಯಾಸ್ ಆಗೇತಿ ತಗೋ’ ಎಂದು ಅಣ್ಣ ಸಮಾಧಾನ ಹೇಳುತ್ತಾನೆ. ಸೋಡಾ ಕುಡಿಸುತ್ತಾರೆ, ಎದೆಗೆ ಮುಲಾಮು ತಿಕ್ಕುತ್ತಾರೆ. ನೋವು ಇಳಿಯದಿದ್ದಾಗ, ಬೆಳಗಾದ ಮೇಲೆ ಗಾಡಿ ಹುಡುಕಿ ತಾಲ್ಲೂಕು ಆಸ್ಪತ್ರೆಗೆ ಕರೆತರುತ್ತಾರೆ. ಅಲ್ಲಿನ ವೈದ್ಯರು ಇಸಿಜಿ ತೆಗೆಯುತ್ತಾರೆ. ಆಗ ಗಡಿಯಾರ ಆರೂವರೆ ತೋರಿಸುತ್ತಿದೆ.

ಇನ್ನು ವೈದ್ಯರ ಮುಂದಿರುವುದು ಒಂದೇ ಪ್ರಶ್ನೆ. ರಕ್ತದ ಹೆಪ್ಪು ಕರಗಿಸುವ ಸೂಜಿಮದ್ದನ್ನು ಇಲ್ಲೇ ಕೊಡಬೇಕೇ? ಅಥವಾ ನಾಳದೊಳಗೆ ಬಲೂನು ತೂರಿಸಿ ಅಡಚಣೆ ಬಿಡಿಸುವ ಸೌಕರ್ಯವಿರುವ ದೊಡ್ಡ ಊರಿಗೆ ತಕ್ಷಣ ಸಾಗಿಸಬೇಕೇ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂಥ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವಾಗ ವೈದ್ಯಶಾಸ್ತ್ರದಷ್ಟೇ ರಸ್ತೆಯ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಈ ಲೆಕ್ಕ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಮಂಚವೇ ಮದ್ದಾಗಿದ್ದ ಕಾಲ

ಹೃದಯ ಇಡೀ ದೇಹಕ್ಕೆ ರಕ್ತ ಒದಗಿಸುತ್ತದೆಯಾದರೂ ಅದಕ್ಕೂ ತನ್ನದೇ ಆದ ರಕ್ತ ಬೇಕು. ಅದನ್ನು ಪೂರೈಸುವುದು ಹೃದಯದ ಮೇಲ್ಮೈಯಲ್ಲಿ ಹಬ್ಬಿರುವ ಕಿರುನಾಳಗಳು. ಕೊಬ್ಬು ಕಟ್ಟಿ ಒರಟಾದ ನಾಳದ ಒಳಗೋಡೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಮುಂದಿನ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಕಾಲುವೆಯ ತೂಬು ಮುಚ್ಚಿದರೆ ಕೊನೆಯ ಗದ್ದೆ ಒಣಗುವಂತೆ ಆ ಸ್ನಾಯು ಸಾಯತೊಡಗುತ್ತದೆ. ಹೃದಯಾಘಾತವೆಂದರೆ ಇದೇ.

ಇಂಥ ಆಘಾತವಾದ ಮನುಷ್ಯ ಅಲ್ಲೇ ಸಾಯಬೇಕೆಂದಿಲ್ಲ, ಬದುಕಿರುವಾಗಲೇ ರೋಗವನ್ನು ಗುರುತಿಸಬಹುದು ಎಂದು ಸ್ಪಷ್ಟವಾಗಿ ಬರೆದವರು ಷಿಕಾಗೊ ನಗರದ ವೈದ್ಯ ಜೇಮ್ಸ್ ಹೆರಿಕ್. ಅದು 1912ರಲ್ಲಿ. ಅದಕ್ಕೂ ಸುಮಾರು ಹತ್ತು ವರ್ಷ ಮೊದಲು ಹಾಲೆಂಡಿನ ಲೈಡನ್ನಿನಲ್ಲಿ ವಿಲೆಂ ಐಂಥೋವೆನ್ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ರೂಪಿಸಿದ್ದರು. ಅದಕ್ಕಾಗಿ 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ರೋಗ ಗುರುತಿಸುವ ದಾರಿಯೇನೋ ಹೀಗೆ ತೆರೆಯಿತು. ಆದರೆ ಚಿಕಿತ್ಸೆ? ವಾರಗಟ್ಟಲೆ ಮಂಚದ ಮೇಲೆ ಅಲುಗಾಡದೆ ಮಲಗುವುದು, ನೋವಿಗೆ ಮಾರ್ಫಿನ್, ಉಳಿದದ್ದು ದೇವರ ಮೇಲೆ.

ರೋಗ ಗುರುತಿಸುವುದು ಕೂಡ ಸುಲಭವಿರಲಿಲ್ಲ. 1955ರ ಸೆಪ್ಟೆಂಬರ್ 24ರ ನಸುಕಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಡೆನ್ವರ್‌ನಲ್ಲಿ ಎದೆನೋವು ಬಂತು. ಅಧ್ಯಕ್ಷರಿಗೆ ಅಜೀರ್ಣವಾಗಿದೆ ಎಂದೇ ಪತ್ರಕರ್ತರಿಗೆ ಮೊದಲು ತಿಳಿಸಲಾಯಿತು. ಇಸಿಜಿ ತೆಗೆದದ್ದು ಮಧ್ಯಾಹ್ನ. ಜಗತ್ತಿನ ಅತ್ಯಂತ ಬಲಾಢ್ಯ ದೇಶದ ಅಧ್ಯಕ್ಷರ ವಿಷಯದಲ್ಲೇ ಹೀಗಾಗಿದ್ದ ಮೇಲೆ, ಕುಷ್ಟಗಿಯ ರೈತನ ಅಣ್ಣ ‘ಗ್ಯಾಸ್’ ಎಂದದ್ದನ್ನು ತಪ್ಪೆನ್ನುವ ಮುನ್ನ ಯಾರಾದರೂ ಒಮ್ಮೆ ಯೋಚಿಸಬೇಕು. ಐಸೆನ್‌ಹೋವರ್ ಆಸ್ಪತ್ರೆಯಿಂದ ಹೊರಬಂದದ್ದು ನವೆಂಬರ್ 11ರಂದು, ಸುಮಾರು ಏಳು ವಾರಗಳ ನಂತರ.

1960ರ ದಶಕದಲ್ಲಿ ಹೃದ್ರೋಗಿಗಳಿಗೆಂದೇ ತೀವ್ರ ನಿಗಾ ಘಟಕಗಳು ಬಂದವು. ಹೃದಯದ ಬಡಿತ ದಾರಿತಪ್ಪಿದರೆ ವಿದ್ಯುತ್ ಹೊಡೆತ ಕೊಟ್ಟು ಸರಿಪಡಿಸುವುದು ಸಾಧ್ಯವಾಗಿ ಅನೇಕ ಜೀವಗಳು ಉಳಿದವು. ಆದರೆ ಮುಚ್ಚಿದ ನಾಳ ಮುಚ್ಚಿಯೇ ಇತ್ತು. ಅದನ್ನು ತೆರೆಯುವ ಯೋಚನೆ ಇನ್ನೂ ಬಲಿತಿರಲಿಲ್ಲ.

ಹೆಪ್ಪು ಮೊದಲೋ, ಸಾವು ಮೊದಲೋ?

ಅದಕ್ಕೆ ಕಾರಣ ಒಂದು ಹಳೆಯ ಅನುಮಾನ. ಹೃದಯಾಘಾತದಿಂದ ಸತ್ತವರ ನಾಳದಲ್ಲಿ ಕಾಣುವ ಹೆಪ್ಪು ಆಘಾತಕ್ಕೆ ಕಾರಣವೋ, ಅಥವಾ ಆಘಾತದ ನಂತರ ಕೂಡಿಕೊಂಡದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. 1980ರಲ್ಲಿ ಅಮೆರಿಕದ ಸ್ಪೊಕೇನ್ ನಗರದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಈ ವಾದಕ್ಕೆ ತೆರೆ ಎಳೆದರು. ನೋವು ಶುರುವಾದ ನಾಲ್ಕು ಗಂಟೆಯೊಳಗೆ ಬಂದ 126 ರೋಗಿಗಳ ನಾಳಗಳ ಚಿತ್ರ ತೆಗೆದಾಗ 110 ಜನರಲ್ಲಿ ನಾಳ ಪೂರ್ತಿ ಮುಚ್ಚಿತ್ತು. ತಡವಾಗಿ ಬಂದವರಲ್ಲಿ ಈ ಪ್ರಮಾಣ ಕಡಿಮೆ. ಅಂದರೆ ಹೆಪ್ಪೇ ಮೂಲ. ಅದನ್ನು ತೆಗೆದರೆ ಸ್ನಾಯು ಉಳಿದೀತು.

ಎಷ್ಟು ಬೇಗ ತೆಗೆಯಬೇಕು? 1977ರಲ್ಲಿ ರೈಮರ್ ಮತ್ತು ಜೆನಿಂಗ್ಸ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಉತ್ತರದ ದಿಕ್ಕು ತೋರಿದ್ದವು. ನಾಳ ಮುಚ್ಚಿದಾಗ ಸ್ನಾಯು ಒಮ್ಮೆಲೇ ಸಾಯುವುದಿಲ್ಲ. ಸಾವು ಒಳಪದರದಿಂದ ಹೊರಪದರಕ್ಕೆ ಅಲೆಯಂತೆ ಕೆಲವು ಗಂಟೆಗಳ ಕಾಲ ಹರಡುತ್ತದೆ. ಆ ಗಂಟೆಗಳೇ ವೈದ್ಯರ ಕೈಯಲ್ಲಿರುವ ಬಂಡವಾಳ.

ಹೆಪ್ಪು ಕರಗಿಸುವ ಮದ್ದು ಆಗಲೇ ಇತ್ತು. ರೋಗಾಣುವೊಂದು ಒಸರುವ ವಸ್ತುವಿಗೆ ಹೆಪ್ಪನ್ನು ಕರಗಿಸುವ ಗುಣವಿದೆಯೆಂದು 1933ರಲ್ಲೇ ವಿಲಿಯಂ ಟಿಲೆಟ್ ಕಂಡುಕೊಂಡಿದ್ದರು. ಸ್ಟ್ರೆಪ್ಟೊಕೈನೇಸ್ ಎಂಬ ಹೆಸರಿನಲ್ಲಿ ಅದು ಬಳಕೆಗೆ ಬಂತು. ಅದರ ನಿಜವಾದ ಬೆಲೆ ಗೊತ್ತಾದದ್ದು 1986ರಲ್ಲಿ, ಇಟಲಿಯ ಆಸ್ಪತ್ರೆಗಳು ಒಟ್ಟುಗೂಡಿ 11 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ ‘ಜಿಸ್ಸಿ’ ಅಧ್ಯಯನದಿಂದ. ಮದ್ದು ಪಡೆಯದವರಲ್ಲಿ ಶೇ 13ರಷ್ಟು ಜನ ಸತ್ತರೆ, ಪಡೆದವರಲ್ಲಿ ಸತ್ತವರು ಶೇ 10.7. ನೋವು ಶುರುವಾದ ಒಂದು ಗಂಟೆಯೊಳಗೆ ಮದ್ದು ಪಡೆದವರಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಎರಡು ವರ್ಷಗಳ ನಂತರ, 17,187 ರೋಗಿಗಳ ‘ಐಸಿಸ್-2’ ಅಧ್ಯಯನ ಇನ್ನೊಂದು ಅಚ್ಚರಿ ಹೊರಗೆಡವಿತು. ತಲೆನೋವಿಗೆ ನುಂಗುವ ಕೆಲವೇ ಪೈಸೆಯ ಆಸ್ಪಿರಿನ್ ಮಾತ್ರೆಯೊಂದೇ ಸಾವನ್ನು ಹತ್ತಿರಹತ್ತಿರ ಕಾಲುಭಾಗದಷ್ಟು ತಗ್ಗಿಸಿತ್ತು. ಎರಡನ್ನೂ ಕೊಟ್ಟಾಗ ಶೇ 42ರಷ್ಟು.

ಬಲೂನಿನ ಪ್ರವೇಶ

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ಸಿದ್ಧವಾಗುತ್ತಿತ್ತು. 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ನಾಳದೊಳಗೆ ತಾನೇ ಕೊಳವೆ ತೂರಿಸಿ ಹೃದಯಕ್ಕೆ ಮುಟ್ಟಿಸಿ, ಎಕ್ಸ್-ರೇ ತೆಗೆಸಿಕೊಂಡಿದ್ದರು. ಹುಚ್ಚುತನವೆನಿಸಿದ್ದ ಆ ಕೆಲಸಕ್ಕೆ 1956ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. 1958ರಲ್ಲಿ ಕ್ಲೀವ್‌ಲೆಂಡಿನ ಮೇಸನ್ ಸೋನ್ಸ್ ಅವರ ಕೈಯಲ್ಲಿ ಕೊಳವೆ ಅಕಸ್ಮಾತ್ತಾಗಿ ಹೃದಯದ ಕಿರುನಾಳಕ್ಕೇ ಹೊಕ್ಕು ಬಣ್ಣದ ದ್ರವ ಅದರಲ್ಲಿ ಹರಿಯಿತು. ಆ ಆಕಸ್ಮಿಕವೇ ಇಂದಿನ ಆಂಜಿಯೋಗ್ರಾಂ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅದೇ ಕೊಳವೆಯ ತುದಿಗೆ ಪುಟ್ಟ ಬಲೂನು ಕಟ್ಟಿ, ಎಚ್ಚರವಾಗಿಯೇ ಇದ್ದ ರೋಗಿಯ ನಾಳವನ್ನು ಹಿಗ್ಗಿಸಿದರು. 1986ರಲ್ಲಿ ಆ ಜಾಗ ಮತ್ತೆ ಕುಗ್ಗದಂತೆ ಲೋಹದ ಜಾಲರಿ ಕೂಡಿಸುವ ಕ್ರಮವೂ ಬಂತು. ಅದೇ ಸ್ಟೆಂಟ್.

ಸೂಜಿಮದ್ದು ಹೆಪ್ಪನ್ನು ಕರಗಿಸುತ್ತದೆ, ಆದರೆ ಎಲ್ಲರಲ್ಲೂ ಅಲ್ಲ. ಅದರ ಜೊತೆಗೆ ನೂರರಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವೂ ಇದೆ. ಬಲೂನು ನಾಳವನ್ನು ಹೆಚ್ಚು ಖಚಿತವಾಗಿ ತೆರೆಯುತ್ತದೆ. 2003ರಲ್ಲಿ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೂಜಿಮದ್ದು ಪಡೆದವರಲ್ಲಿ ಶೇ 9ರಷ್ಟು, ಬಲೂನು ಚಿಕಿತ್ಸೆ ಪಡೆದವರಲ್ಲಿ ಶೇ 7ರಷ್ಟು ಸಾವು ಕಂಡುಬಂತು. ಬಲೂನು ಗೆದ್ದಿತು.

ಆದರೆ ಈ ಗೆಲುವಿಗೆ ಒಂದು ಕರಾರಿತ್ತು. ಬಲೂನು ಹೊತ್ತಿಗೆ ಸರಿಯಾಗಿ ಸಿಗಬೇಕು. ಸೂಜಿ ಎಲ್ಲಿ ಬೇಕಾದರೂ ಚುಚ್ಚಬಹುದು. ಬಲೂನಿಗಾದರೋ ಕ್ಯಾತ್ ಲ್ಯಾಬ್ ಬೇಕು, ನುರಿತ ವೈದ್ಯರು ಬೇಕು, ಹಗಲು ರಾತ್ರಿ ಸಿಬ್ಬಂದಿ ಬೇಕು. ರೋಗಿ ದಾರಿಯಲ್ಲಿ ಕಳೆಯುವ ಪ್ರತಿ ನಿಮಿಷವೂ ಬಲೂನಿನ ಮೇಲುಗೈಯನ್ನು ಕರಗಿಸುತ್ತ ಹೋಗುತ್ತದೆ. ಹೀಗಾಗಿ ಇಂದಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಒಂದು ಗೆರೆ ಎಳೆದಿವೆ. ಇಸಿಜಿಯಲ್ಲಿ ರೋಗ ಖಚಿತವಾದ 120 ನಿಮಿಷದೊಳಗೆ ಬಲೂನು ಚಿಕಿತ್ಸೆ ಆಗುವಂತಿದ್ದರೆ ನೇರವಾಗಿ ಅಲ್ಲಿಗೇ ಹೋಗಬೇಕು. ಆಗದಿದ್ದರೆ, ಮದ್ದಿಗೆ ಅಡ್ಡಿಯಿಲ್ಲದ ರೋಗಿಗೆ, ನೋವು ಶುರುವಾಗಿ 12 ಗಂಟೆ ಮೀರಿರದಿದ್ದಲ್ಲಿ, ಹತ್ತು ನಿಮಿಷದೊಳಗೆ ಸೂಜಿಮದ್ದು ಕೊಡಬೇಕು.

ಸೂಜಿ ಕೊಟ್ಟರೆ ಕೆಲಸ ಮುಗಿಯಿತೆಂದಲ್ಲ. ಕೊಟ್ಟ ಮೇಲೂ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಒಂದು, ಒಂದೂವರೆ ಗಂಟೆಯ ನಂತರ ಇಸಿಜಿಯ ಏರಿದ ಗೆರೆ ಅರ್ಧದಷ್ಟಾದರೂ ಇಳಿಯದಿದ್ದರೆ ಮದ್ದು ಸೋತಿದೆ ಎಂದರ್ಥ. ಆಗ ತಕ್ಷಣ ಬಲೂನು ಬೇಕು. ಇಳಿದಿದ್ದರೆ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿ ನೋಡಬೇಕು. 2013ರಲ್ಲಿ ಪ್ರಕಟವಾದ ‘ಸ್ಟ್ರೀಮ್’ ಅಧ್ಯಯನ ಈ ಕ್ರಮಕ್ಕೆ ಬಲ ಕೊಟ್ಟಿತು. ನೋವು ಶುರುವಾದ ಮೂರು ಗಂಟೆಯೊಳಗೆ ಬಂದು, ಒಂದು ಗಂಟೆಯೊಳಗೆ ಬಲೂನು ಸಿಗದ ರೋಗಿಗಳಿಗೆ ಮೊದಲು ಟೆನೆಕ್ಟೆಪ್ಲೇಸ್ ಎಂಬ ಹೊಸ ಸೂಜಿಮದ್ದು ಕೊಟ್ಟು ಆಮೇಲೆ ಸಾಗಿಸಿದಾಗಲೂ, ನೇರವಾಗಿ ಬಲೂನು ಚಿಕಿತ್ಸೆ ಪಡೆದವರಷ್ಟೇ ಒಳ್ಳೆಯ ಫಲ ಬಂತು. ಮೆದುಳಿನ ರಕ್ತಸ್ರಾವ ಮಾತ್ರ ತುಸು ಹೆಚ್ಚಿತ್ತು. ಮೂರರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ತುರ್ತಾಗಿ ಬಲೂನು ಬೇಕಾಯಿತು. ಸೂಜಿಯ ನಂತರ ರೋಗಿಯನ್ನು ಅಲ್ಲೇ ಮಲಗಿಸಿ ಇಟ್ಟುಕೊಳ್ಳಬಾರದು ಎನ್ನುವುದು ಇದಕ್ಕಾಗಿಯೇ.

ಎಲ್ಲ ಆಘಾತವೂ ಒಂದಲ್ಲ

ಇಷ್ಟು ಹೇಳಿದ್ದು ನಾಳ ಪೂರ್ತಿ ಮುಚ್ಚಿ, ಇಸಿಜಿಯಲ್ಲಿ ಒಂದು ಭಾಗದ ಗೆರೆ ಮೇಲೇರಿ ನಿಲ್ಲುವ ಆಘಾತದ ಬಗ್ಗೆ. ಇನ್ನೊಂದು ಬಗೆಯಿದೆ. ಅದರಲ್ಲಿ ನಾಳ ಸಾಮಾನ್ಯವಾಗಿ ಪೂರ್ತಿ ಮುಚ್ಚಿರುವುದಿಲ್ಲ. ಇಸಿಜಿ ಗೆರೆ ಏರಿರುವುದಿಲ್ಲ, ಒಮ್ಮೊಮ್ಮೆ ಸಹಜವಾಗಿಯೇ ಕಾಣುತ್ತದೆ. ಗಾಯಗೊಂಡ ಹೃದಯಸ್ನಾಯು ರಕ್ತಕ್ಕೆ ಬಿಡುವ ಟ್ರೊಪೊನಿನ್ ಎಂಬ ವಸ್ತುವಿನ ಪರೀಕ್ಷೆಯಿಂದಲೇ ಅದು ಬಯಲಾಗುತ್ತದೆ. ಈ ಬಗೆಯ ರೋಗಿಗೆ ಹೆಪ್ಪು ಕರಗಿಸುವ ಸೂಜಿ ಕೊಡುವಂತಿಲ್ಲ. ಅದರಿಂದ ಲಾಭವಿಲ್ಲ, ರಕ್ತಸ್ರಾವದ ಹಾನಿಯಷ್ಟೇ.

ಇಂಥವರಿಗೆ ಆಂಜಿಯೋಗ್ರಾಂ ಯಾವಾಗ? ಈ ವಾದ 1990ರ ದಶಕದಿಂದ ಇಂದಿನವರೆಗೂ ನಡೆದಿದೆ. ಎಲ್ಲರಿಗೂ ಬೇಗನೆ ಮಾಡಿದರೆ ಒಳ್ಳೆಯದೆಂದು ಕೆಲವು ಅಧ್ಯಯನಗಳು, ಮದ್ದಿನಿಂದ ತಣಿಸಿ ನೋಡಿದರೂ ನಡೆಯುತ್ತದೆಂದು ಕೆಲವು ಹೇಳಿದವು. 2009ರಲ್ಲಿ 3,031 ರೋಗಿಗಳ ‘ಟಿಮ್ಯಾಕ್ಸ್’ ಅಧ್ಯಯನ ತಕ್ಕಮಟ್ಟಿಗೆ ದಾರಿ ತೋರಿತು. 24 ಗಂಟೆಯೊಳಗೆ ಮಾಡಿದವರಿಗೂ 36 ಗಂಟೆ ಕಳೆದು ಮಾಡಿದವರಿಗೂ ಒಟ್ಟಾರೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದರೆ ಅಪಾಯ ಹೆಚ್ಚಿದ್ದವರಿಗೆ ಬೇಗ ಮಾಡಿದ್ದರಿಂದ ಅನುಕೂಲವಾಗಿತ್ತು.

ಅಪಾಯ ಅಳೆಯುವುದು ಹೇಗೆ? ವಯಸ್ಸು, ನಾಡಿಬಡಿತ, ರಕ್ತದೊತ್ತಡ, ಮೂತ್ರಪಿಂಡದ ಸ್ಥಿತಿ, ಹೃದಯ ಸೋತಿರುವ ಚಿಹ್ನೆ, ಇಸಿಜಿಯ ಬದಲಾವಣೆ ಮೊದಲಾದ ಎಂಟು ಅಂಶಗಳಿಗೆ ಅಂಕ ಕೊಟ್ಟು ಕೂಡಿಸುವ ‘ಗ್ರೇಸ್’ ಎಂಬ ಪಟ್ಟಿಯಿದೆ. ಮೊತ್ತ 140 ಮೀರಿದರೆ ಅಪಾಯ ಹೆಚ್ಚು. ಅಂಥವರಿಗೆ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡುವುದು ಮೇಲು. ರಕ್ತದೊತ್ತಡ ಕುಸಿದಿದ್ದರೆ, ಮದ್ದಿಗೂ ಜಗ್ಗದ ಎದೆನೋವಿದ್ದರೆ, ಉಸಿರು ಕಟ್ಟುತ್ತಿದ್ದರೆ, ಬಡಿತ ಅಪಾಯಕಾರಿಯಾಗಿ ದಾರಿತಪ್ಪುತ್ತಿದ್ದರೆ ಯಾವ ಅಂಕವನ್ನೂ ಕೂಡಿಸುತ್ತ ಕೂಡಬೇಕಿಲ್ಲ. ಎರಡು ಗಂಟೆಯೊಳಗೇ ಬೇಕು. ಇನ್ನುಳಿದವರು ನಿಗಾದಲ್ಲಿ ಕಾಯಬಹುದು. ವಯೋವೃದ್ಧರ ಲೆಕ್ಕವೇ ಬೇರೆ. 75 ದಾಟಿದ 1,518 ರೋಗಿಗಳ ಬಗ್ಗೆ 2024ರಲ್ಲಿ ಹೊರಬಂದ ಬ್ರಿಟನ್ನಿನ ಅಧ್ಯಯನದಲ್ಲಿ, ಎಲ್ಲರಿಗೂ ಆಂಜಿಯೋಗ್ರಾಂ ಮಾಡಹೊರಟದ್ದರಿಂದ ಹೃದ್ರೋಗದ ಸಾವು ಮತ್ತು ಮರು ಆಘಾತಗಳ ಒಟ್ಟು ಲೆಕ್ಕ ಗಣನೀಯವಾಗಿ ತಗ್ಗಲಿಲ್ಲ.

ನಮ್ಮ ನೆಲದ ಲೆಕ್ಕ

ಇವೆಲ್ಲ ಹೊರದೇಶದ ಮಾತಾಯಿತು. ಭಾರತದ ಸ್ಥಿತಿಯನ್ನು ಬಿಡಿಸಿ ತೋರಿಸಿದ ದೊಡ್ಡ ಅಧ್ಯಯನವೊಂದು ಬೆಂಗಳೂರಿನಿಂದಲೇ ಬಂತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು 50 ನಗರಗಳ 89 ಆಸ್ಪತ್ರೆಗಳ 20,468 ರೋಗಿಗಳ ಮಾಹಿತಿ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ‘ಕ್ರಿಯೇಟ್’ ಎಂಬುದು ಅದರ ಹೆಸರು. ನಮ್ಮಲ್ಲಿ ನಾಳ ಪೂರ್ತಿ ಮುಚ್ಚುವ ಬಗೆಯ ಆಘಾತವೇ ಹೆಚ್ಚು, ಶೇ 60ರಷ್ಟು. ರೋಗಿಗಳ ಸರಾಸರಿ ವಯಸ್ಸು 57ರ ಆಸುಪಾಸು. ಪೂರ್ತಿ ಮುಚ್ಚಿದ ಬಗೆಯವರಲ್ಲಿ ಅರ್ಧದಷ್ಟು ಜನ ಆಸ್ಪತ್ರೆ ತಲುಪಲು 300 ನಿಮಿಷ, ಅಂದರೆ ಐದು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡಿದ್ದರು. ಬಲೂನು ಚಿಕಿತ್ಸೆ ಸಿಕ್ಕಿದ್ದು ನೂರರಲ್ಲಿ ಎಂಟು ಜನರಿಗೆ.

ಎಲ್ಲಕ್ಕಿಂತ ಕಹಿಯಾದ ಅಂಕಿ ಇನ್ನೊಂದು. ತಿಂಗಳೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ಶೇ 5.5, ಬಡವರಲ್ಲಿ ಶೇ 8.2. ಬಡವರ ರೋಗವೇ ಹೆಚ್ಚು ಕೆಟ್ಟದ್ದಿತ್ತೇ? ಇಲ್ಲ. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಸಾವಿನ ಈ ಅಂತರ ಅಳಿಸಿಹೋಯಿತು. ಬಡವರು ಹೆಚ್ಚಾಗಿ ಸತ್ತದ್ದು ಚಿಕಿತ್ಸೆ ಕಡಿಮೆ ಸಿಕ್ಕಿದ್ದರಿಂದ.

ಕೊಪ್ಪಳ ಸೀಮೆಗೆ ಈ ಮಾತು ಹೆಚ್ಚು ನಾಟಬೇಕು. ಹೆರಿಕ್ ತಮ್ಮ ಲೇಖನ ಬರೆದಾಗ ಈ ಊರುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಬಲೂನು, ಸ್ಟೆಂಟ್‌ಗಳು ಬಂದಾಗ ನಾಲ್ಕೂ ತಾಲ್ಲೂಕುಗಳು ರಾಯಚೂರು ಜಿಲ್ಲೆಯ ಅಂಚಿನಲ್ಲಿದ್ದವು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾದರೆ, ಮಳೆ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ದೊಡ್ಡ ಆಸ್ಪತ್ರೆಯ ಬಿಲ್ಲು ಎಂದರೆ ಹೊಲ ಮಾರುವ ಮಾತೇ ಆಗಿತ್ತು.

2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲಾದ ‘ವಾಜಪೇಯಿ ಆರೋಗ್ಯಶ್ರೀ’ ಈ ಚಿತ್ರವನ್ನು ಬದಲಿಸಲು ಹೊರಟಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮುಂತಾದ ದೊಡ್ಡ ರೋಗಗಳಿಗೆ ನಗದಿಲ್ಲದೆ ಚಿಕಿತ್ಸೆ ಕೊಡಿಸುವ ಯೋಜನೆ ಇದು. ಯೋಜನೆಯಿದ್ದ ಮತ್ತು ಇನ್ನೂ ಬಾರದಿದ್ದ ಪ್ರದೇಶಗಳ ಗಡಿಯ ಹಳ್ಳಿಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡವರಲ್ಲಿ ಆಗುವ ಸಾವು, ಯೋಜನೆಯಿದ್ದ ಹಳ್ಳಿಗಳಲ್ಲಿ ಗಣನೀಯವಾಗಿ ಕಡಿಮೆಯಿತ್ತು. 2018ರಲ್ಲಿ ಈ ಯೋಜನೆ ‘ಆರೋಗ್ಯ ಕರ್ನಾಟಕ’ದಲ್ಲಿ ಸೇರಿಕೊಂಡಿತು.

ದುಡ್ಡಿನ ಗೋಡೆ ತಗ್ಗಿದರೂ ದೂರದ ಗೋಡೆ ಉಳಿಯಿತು. ಕೊಪ್ಪಳದಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಗಂಗಾವತಿ, ಕುಷ್ಟಗಿಗಳಿಂದ ಇನ್ನೂ ದೂರ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಯದೇವ ಹೃದ್ರೋಗ ಸಂಸ್ಥೆ 2016ರಲ್ಲಿ ಕಲಬುರಗಿಗೂ ಬಂತು. 2024ರ ಡಿಸೆಂಬರಿನಲ್ಲಿ ಅಲ್ಲಿ ಸ್ವಂತ ಕಟ್ಟಡ ತೆರೆಯಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ 371 ಹಾಸಿಗೆ. ಆದರೆ ಕೊಪ್ಪಳದಿಂದ ಕಲಬುರಗಿ ಇನ್ನೂರು ಕಿಲೋಮೀಟರಿಗೂ ಆಚೆ. 120 ನಿಮಿಷದ ಗೆರೆಯೊಳಗೆ ಅದು ಬಾರದು.

ಹೀಗಾಗಿ ರೋಗಿಯನ್ನು ಹೃದ್ರೋಗ ತಜ್ಞರ ಬಳಿಗೆ ಒಯ್ಯುವ ಮುನ್ನ, ತಜ್ಞರ ಕಣ್ಣನ್ನೇ ತಾಲ್ಲೂಕಿಗೆ ತರುವ ಯೋಚನೆ ಮೂಡಿತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿನ ವೈದ್ಯರು ಮೊಬೈಲಿನಲ್ಲಿ ಕಳಿಸುವ ಇಸಿಜಿ ಚಿತ್ರ ನೋಡಿ ತಜ್ಞರು ಸಲಹೆ ಹೇಳುವ ಏರ್ಪಾಡು ಮಾಡಿದರು. 2023ರಲ್ಲಿ ರಾಜ್ಯ ಸರ್ಕಾರ, 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲೇ ತೀರಿಕೊಂಡ ನಟ ಪುನೀತ್ ರಾಜಕುಮಾರ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಹೃದ್ರೋಗ ಕೇಂದ್ರಕ್ಕೆ ಹೋಗುತ್ತದೆ, ಆಘಾತ ಖಚಿತವಾದರೆ ದುಬಾರಿ ಟೆನೆಕ್ಟೆಪ್ಲೇಸ್ ಸೂಜಿಯನ್ನು ಅಲ್ಲೇ ಉಚಿತವಾಗಿ ಕೊಟ್ಟು ರೋಗಿಯನ್ನು ಮುಂದೆ ಕಳಿಸಲಾಗುತ್ತದೆ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ದೊಡ್ಡ ಸುದ್ದಿಯಾದ ಮೇಲೆ, ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು.

ಗಡಿಯಾರ ಯಾರ ಕೈಯಲ್ಲಿ?

ಈಗ ಕುಷ್ಟಗಿಯ ರೈತನ ಬಳಿಗೆ ಮರಳೋಣ. ಮೂರಕ್ಕೆ ಶುರುವಾದ ನೋವು, ಆರೂವರೆಗೆ ಇಸಿಜಿ. ಗೆರೆ ಮೇಲೇರಿದೆ, ಎರಡು ಗಂಟೆಯೊಳಗೆ ಬಲೂನು ಸಿಗುವಂತಿಲ್ಲ ಎನ್ನೋಣ. ಹಿಂದೆ ಮೆದುಳಿನ ರಕ್ತಸ್ರಾವ, ಇತ್ತೀಚೆಗೆ ಪಾರ್ಶ್ವವಾಯು, ದೊಡ್ಡ ಶಸ್ತ್ರಚಿಕಿತ್ಸೆ ಇವಾವುವೂ ಆಗಿಲ್ಲ. ಹಾಗಿದ್ದರೆ ಆಸ್ಪಿರಿನ್ ಕೊಟ್ಟು, ಸೂಜಿಮದ್ದನ್ನು ಅಲ್ಲೇ ಚುಚ್ಚಿ, ಅನಂತರ ಆಂಬುಲೆನ್ಸ್ ಹತ್ತಿಸುವುದೇ ಸರಿ. ‘ಇಲ್ಲಿ ಏನೂ ಮಾಡಬ್ಯಾಡ್ರಿ ಸಾಹೇಬ್ರ, ಸೀದಾ ಹುಬ್ಬಳ್ಳಿಗೆ ಒಯ್ತೀವಿ’ ಎಂದು ಬಂಧುಗಳು ಹಟ ಹಿಡಿದರೆ, ಪ್ರೀತಿಯಿಂದಲೇ ಆತನ ಹೃದಯದ ಒಂದಷ್ಟು ಭಾಗವನ್ನು ದಾರಿಯಲ್ಲಿ ಕಳೆದಂತಾಗುತ್ತದೆ. ಇಸಿಜಿ ಗೆರೆ ಏರಿರದೆ ಟ್ರೊಪೊನಿನ್ ಮಾತ್ರ ಹೆಚ್ಚಿದ್ದರೆ ಸೂಜಿ ಬೇಡ. ಆಗ ಅಪಾಯದ ಅಂಕ ನೋಡಿ ಸಾಗಿಸುವ ತುರ್ತನ್ನು ನಿರ್ಧರಿಸಬೇಕು. ರಕ್ತದೊತ್ತಡವೇ ಕುಸಿದಿದ್ದರೆ ಎಷ್ಟೇ ದೂರವಾದರೂ ಬಲೂನಿನ ಕಡೆಗೇ ಧಾವಿಸಬೇಕು.

ಮೊದಲ ಗಂಟೆಯಲ್ಲಿ ಹೆಪ್ಪು ಕರಗಿಸಿದರೆ ಸಾವಿರಕ್ಕೆ 65 ಜೀವ ಉಳಿಯುತ್ತವೆ, ಎರಡನೆಯ ಗಂಟೆಯಲ್ಲಿ 37 ಎಂದು 1996ರಲ್ಲಿ ಪ್ರಕಟವಾದ ಲೆಕ್ಕವೊಂದು ಹೇಳಿತ್ತು. ನಮ್ಮ ರೈತ ಆ ಎರಡೂ ಗಂಟೆಗಳನ್ನು ಮನೆಯಲ್ಲೇ ಕಳೆದ. ವೈದ್ಯರು ಉಳಿಸಬಹುದಾದದ್ದು ನಿಮಿಷಗಳನ್ನು, ಮನೆಯವರು ಉಳಿಸಬಹುದಾದದ್ದು ಗಂಟೆಗಳನ್ನು. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುವ ವ್ಯವಸ್ಥೆಯಿದೆ. ಬೆವರಿನೊಡನೆ ಬಂದ ಎದೆನೋವು ಹದಿನೈದು, ಇಪ್ಪತ್ತು ನಿಮಿಷದಲ್ಲಿ ಇಳಿಯದಿದ್ದರೆ ಅದು ಗ್ಯಾಸೋ ಅಲ್ಲವೋ ಎಂಬುದನ್ನು ಇಸಿಜಿ ಹೇಳಲಿ. ಗ್ಯಾಸೇ ಆಗಿದ್ದರೆ ಒಂದು ರಾತ್ರಿಯ ನಿದ್ದೆ ಕೆಟ್ಟೀತು, ಅಷ್ಟೆ.